ಹಣಮೇಶನ ಕೊನೆಯ ಅಧ್ಯಾಯ

ಹಣಮೇಶನ ಕಷ್ಟಕ್ಕೆಲ್ಲ ಕಾರಣವಾದದ್ದು ಅವನೇ ಹಾಕಿಕೊಂಡ ಒಂದು ವಾಟ್ಸಾಪ್ ಸ್ಟೇಟಸ್ಸು.

ಹಾಕಿದ್ದು ಒಳ್ಳೆಯ ಉದ್ದೇಶದಿಂದಲೇ. ಗುಳೇದಗುಡ್ಡದ ಹಣಮೇಶ, ಕುರುಬರ ದೇವರು ಬೀರಪ್ಪನ ಡೊಳ್ಳಿನ ಪದಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದ. ಮಾಡುತ್ತಿದ್ದ ಅನ್ನುವುದಕ್ಕಿಂತ ಪಿಎಚ್.ಡಿ. ಅವನ ಮನೆಯಲ್ಲಿ ಇತ್ತು ಅನ್ನಬೇಕು, ಮೂಲೆಯಲ್ಲಿ ಕೆಟ್ಟ ಹೊಲಿಗೆ ಮಷಿನ್ ಇರುವ ಹಾಗೆ. ಮದುವೆಗೆ ಮೊದಲು ಶುರುವಾದದ್ದು. ಈಗ ಮಗಳು ಶಾಲೆಗೆ ಹೋಗುತ್ತಿದ್ದಳು. ಐದು ಅಧ್ಯಾಯ ಮುಗಿದು ಟೈಪಾಗಿ ಫೈಲಿನಲ್ಲಿ ಕೂತಿದ್ದವು. ಉಪಸಂಹಾರ ಎಂಬ ಕೊನೆಯದೊಂದು ಉಳಿದಿತ್ತು. ಅದನ್ನು ಬರೆಯಲು ಕೂತಾಗಲೆಲ್ಲ ಅವನಿಗೆ ಮನೆಯ ಜೇಡರ ಬಲೆಗಳು ಎದ್ದು ಕಾಣುತ್ತಿದ್ದವು. ಹೀಗಾಗಿ ಪ್ರಬಂಧ ಮುಂದೆ ಹೋಗದಿದ್ದರೂ ಮನೆ ಬಹಳ ಸ್ವಚ್ಛವಾಗಿತ್ತು.

ಆದರೆ ಈಗ ದಾರಿ ಇರಲಿಲ್ಲ. ಪ್ರಬಂಧ ಒಪ್ಪಿಸಲು ನಾಳೆಯೇ ಕೊನೆಯ ದಿನ. ಅವನು ಪಾಠ ಹೇಳುತ್ತಿದ್ದ ಕಾಲೇಜಿನವರು, ಬರುವ ವರ್ಷ ಹೆಸರಿನ ಹಿಂದೆ ಡಾಕ್ಟರ್ ಇದ್ದವರಿಗೇ ಪಾಠದ ತಾಸು ಕೊಡುವುದಾಗಿ ಹೇಳಿದ್ದರು. ಓಣಿಯವರಂತೂ ಅವನನ್ನು ಎಂದಿನಿಂದಲೋ ಡಾಕ್ಟರ್ ಅಂತಲೇ ಕರೆಯುತ್ತಿದ್ದರು. ಪಕ್ಕದ ಮನೆಯ ಶಾರವ್ವ ಮೊಣಕಾಲು ನೋವಿಗೆ ಅವನನ್ನೇ ಔಷಧ ಕೇಳುತ್ತಿದ್ದಳು.

ಬೆಳಿಗ್ಗೆ ಬರೆಯಲು ಹುರುಪು ಬರಲೆಂದು ಅವನು ಮೊಬೈಲಿನಲ್ಲಿ ಒಂದು ಭಾಷಣ ನೋಡಿದ. ಕೋಟು ಹಾಕಿದ ಒಬ್ಬಾತ, ನಿಮ್ಮ ಗುರಿಯನ್ನು ನಾಲ್ಕು ಜನರಿಗೆ ಹೇಳಿಬಿಡಿ, ನಾಚಿಕೆಗಾದರೂ ಕೆಲಸ ಆಗುತ್ತದೆ ಎಂದು ಹೇಳಿದ. ಹಣಮೇಶನಿಗೆ ಅದು ಸರಿ ಅನಿಸಿತು. ಕೂಡಲೇ ಸ್ಟೇಟಸ್ ಹಾಕಿದ: "ಇಂದು ಸಂಜೆಯೊಳಗೆ ನನ್ನ ಪ್ರಬಂಧದ ಕೊನೆಯ ಅಧ್ಯಾಯ ಮುಗಿಸುತ್ತೇನೆ. ನಾನು ಹೊರಗೆ ಕಂಡರೆ ದಯವಿಟ್ಟು ಬೈದು ಮನೆಗೆ ಕಳಿಸಿ."

ಹೆಂಡತಿ ಸವಿತಾ ಕಮತಗಿಯ ದವಾಖಾನೆಯಲ್ಲಿ ನರ್ಸು. ಬಸ್ಸಿಗೆ ಹೊರಟವಳು ಬಾಗಿಲಲ್ಲೇ ನಿಂತು ಅದನ್ನು ಓದಿದಳು.

"ಇದನ್ನ ಊರಿಗೆಲ್ಲಾ ಯಾಕ ಹೇಳಿದ್ರಿ? ನನಗ ಹೇಳಿದ್ರ ನಾನ ಬೈತಿದ್ನೆಲ್ಲ" ಅಂದು, ಕಮತಗಿಯಲ್ಲೇ ಶಾಲೆಗೆ ಹೋಗುವ ಮಗಳನ್ನು ಕರೆದುಕೊಂಡು ಹೋದಳು.

ಹಣಮೇಶ ಕೂತ. ಬಿಳಿ ಹಾಳೆಯ ಮೇಲೆ "ಉಪಸಂಹಾರ" ಎಂದು ಬರೆದ. ಅದರ ಕೆಳಗೆ ಗೆರೆ ಎಳೆದ. ಗೆರೆ ಸೊಟ್ಟಗಾಗಿತ್ತು. ಸ್ಕೇಲು ಹುಡುಕಿ ತಂದು ಇನ್ನೊಂದು ಎಳೆದ. ಇಷ್ಟಾದ ಮೇಲೆ ಒಂದು ಚಹಾ ಕುಡಿಯುವುದು ನ್ಯಾಯ ಅನಿಸಿ ಎದ್ದ.

ಓಣಿಯ ಕೊನೆಗೆ ಬಂದೇನವಾಜನ ಚಹಾದಂಗಡಿ. ಎಂದೂ ಕೇಳುವ ಮೊದಲೇ ಕಪ್ಪು ಮುಂದಿಡುತ್ತಿದ್ದ ಬಂದೇನವಾಜ ಇವತ್ತು ಇವನನ್ನು ನೋಡಿ ಪಾತ್ರೆಯ ಮೇಲೆ ಮುಚ್ಚಳ ಇಟ್ಟ.

"ಹಣಮೇಶಣ್ಣ, ಮನಿಗಿ ಹೋಗು."

"ಒಂದ ಅರ್ಧಾ ಕಪ್ ಕುಡದ ಹೋಗ್ತೇನೋ."

"ನಾ ಸ್ಟೇಟಸ್ ನೋಡೇನಿ. ಬೈಬೇಕಂತ ನೀನ ಬರದಿ. ನನಗ ಬೈಯಾಕ ಬರೂದಿಲ್ಲ, ಅದಕ್ಕ ಚಹಾ ಕೊಡೂದಿಲ್ಲ. ಹೋಗು."

ಬೆಂಚಿನ ಮೇಲೆ ಕೂತವರಿಗೆ ಬೈಯಲು ಬರುತ್ತಿತ್ತು. ಅವರು ಒಬ್ಬರಾದ ಮೇಲೆ ಒಬ್ಬರು, ಅವಸರವಿಲ್ಲದೆ, ಓದಿದವರ ಸೋಮಾರಿತನದ ಬಗ್ಗೆ ತಮ್ಮ ತಮ್ಮ ಅನುಭವ ಹೇಳಿದರು. ಹಣಮೇಶ ಅವರ ಉಪಕಾರಕ್ಕೆ ತಲೆಯಾಡಿಸಿ ಅಲ್ಲಿಂದ ಕಾಲ್ತೆಗೆದ.

ಮನೆಗೆ ಹೋಗಬಹುದಿತ್ತು. ಆದರೆ ಪೆನ್ನಿನಲ್ಲಿ ಶಾಯಿ ಕಡಿಮೆ ಇದೆ ಎಂಬ ಸಂಶಯ ಬಂತು. ಬಜಾರದ ಕಡೆ ಹೆಜ್ಜೆ ಹಾಕಿದ. ಹಿಂದಿನಿಂದ ಯಮನಪ್ಪನ ಆಟೋ ಬಂದು ನಿಂತಿತು.

"ಡಾಕ್ಟರ್ರ, ಬಿಸಲಾಗ ಯಾಕ ನಡದೀರಿ? ಹತ್ರಿ."

"ಬಜಾರಕ್ಕ ಹೊಂಟಿದ್ದೆ ಯಮನಪ್ಪ."

"ಹತ್ರಿ ಅಂದ್ನೆಲ್ಲ."

ಪುಕ್ಕಟೆ ಆಟೋ ಸಿಕ್ಕ ಸಂತೋಷದಲ್ಲಿ ಹಣಮೇಶ ಹತ್ತಿ ಕಾಲು ಚಾಚಿದ. ಯಮನಪ್ಪ ಅಲ್ಲೇ ಆಟೋ ತಿರುಗಿಸಿ, ಮಗ್ಗದ ಸದ್ದಿನ ಎರಡು ಸಂದಿ ಹಾದು, ತಂದು ನಿಲ್ಲಿಸಿದ್ದು ಹಣಮೇಶನ ಮನೆಯ ಮುಂದೆಯೇ. ಅಲ್ಲಿ ಶಾರವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

"ಶಾರವ್ವಕ್ಕ, ಬಜಾರದ ಹಾದ್ಯಾಗ ಸಿಕ್ರು" ಎಂದ ಯಮನಪ್ಪ, ಕಳೆದ ಮೇಕೆಯನ್ನು ಒಪ್ಪಿಸುವವನಂತೆ.

ಶಾರವ್ವ ನೇರ ಒಳಗೆ ಬಂದು ಮೇಜಿನ ಮೇಲಿನ ಹಾಳೆ ಎತ್ತಿದಳು. ಮುಂದೆ ನೋಡಿದಳು, ತಿರುವಿ ಹಿಂದೆ ನೋಡಿದಳು.

"ತಮ್ಮಾ, ಇದರಾಗ ಒಂದ ಶಬ್ದ ಐತಿ. ಗೆರಿ ಎರಡ ಅದಾವ."

"ಈಗ ಶುರು ಮಾಡೇನಿ ಅಕ್ಕ."

"ಪಾಪ ಸವಿತಾ ದಿನಾ ಬಸ್ಸಿನ್ಯಾಗ ಜೋತಾಡ್ತಾಳ. ನೀ ಗೆರಿ ಎಳಕೋತ ಕುಂತಿ. ಇದು ನನ್ನ ಕೈಲಿ ಆಗೂದಲ್ಲ. ತಡಿ, ಮಾಸ್ತರನ್ನ ಕರೀತೇನಿ."

ಬಸಯ್ಯ ಮಾಸ್ತರು ಹುನಗುಂದ ಕಡೆಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸಿ, ನಿವೃತ್ತರಾಗಿ ಇದೇ ಓಣಿಯಲ್ಲಿ ಮನೆ ಕಟ್ಟಿಸಿಕೊಂಡವರು. ಪರೀಕ್ಷೆಯಲ್ಲಿ ಅವರು ಸೂಪರ್‌ವಿಜನ್ನಿಗೆ ನಿಂತ ಕೋಣೆಯಲ್ಲಿ ಫ್ಯಾನು ಕೂಡ ಸದ್ದು ಮಾಡದೆ ತಿರುಗುತ್ತಿತ್ತೆಂದು ಜನ ಹೇಳುತ್ತಿದ್ದರು. ನಿವೃತ್ತಿಯ ನಂತರ ಅವರಿಗೆ ಹಿಡಿಯಲು ಯಾರೂ ಸಿಕ್ಕಿರಲಿಲ್ಲ. ಶಾರವ್ವ ಕರೆದದ್ದೇ ತಡ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು.

"ಮೊಬೈಲ್ ಇಲ್ಲಿ ಕೊಡು" ಅಂದರು.

ಹಣಮೇಶ ಕೊಟ್ಟ. ಅದು ಅವರ ಜೇಬಿಗೆ ಹೋಯಿತು. ಮಾಸ್ತರು ಎದುರಿಗೆ ಕುರ್ಚಿ ಹಾಕಿಕೊಂಡು, ಪೇಪರ್ ಬಿಡಿಸಿ, ಅದರ ಮೇಲಿಂದ ಇವನನ್ನು ನೋಡುತ್ತ ಕೂತರು.

"ಸರ್, ನೀರ..."

"ಕುಡದ ಕುಂದರಬೇಕಿತ್ತು."

ಹಣಮೇಶ ಸ್ವಲ್ಪ ಹೊತ್ತು ಪೆನ್ನು ಹಿಡಿದುಕೊಂಡು ಕೂತ. ಜೇಡರ ಬಲೆ ನೋಡೋಣವೆಂದರೆ ಮಾಸ್ತರ ತಲೆ ಅಡ್ಡ ಬರುತ್ತಿತ್ತು. ಮಾಡಲು ಬೇರೇನೂ ಉಳಿಯದೆ ಕೊನೆಗೆ ಒಂದು ಸಾಲು ಬರೆದ. ಆಮೇಲೆ ಅದಕ್ಕೆ ಹೊಂದುವ ಇನ್ನೊಂದು ಸಾಲು ಬಂತು.

ಬರೆಯುತ್ತ ಬರೆಯುತ್ತ ಅವನಿಗೆ ಅಜ್ಜನ ನೆನಪಾಯಿತು. ಕುರಿ ಹಟ್ಟಿಯಲ್ಲಿ ಅಜ್ಜನ ಮಗ್ಗುಲಿಗೆ ಕೂತು ಪದ ಕೇಳುವಾಗ, ಹಾಡುವವರು ನಡುವೆ ಮರೆತರೆ ಡೊಳ್ಳಿನವರು ಸುಮ್ಮನಾಗದೆ ಪೆಟ್ಟು ಬೆಳೆಸುತ್ತ ಹೋಗುತ್ತಿದ್ದರು, ಹಾಡು ನೆನಪಾಗುವತನಕ. ಮರೆವಿಗೂ ಆ ಹಾಡಿನಲ್ಲಿ ಒಂದು ಜಾಗ ಇತ್ತು. ಅದನ್ನು ತಿಳಿಯಬೇಕೆಂದೇ ಅಲ್ಲವೇ ತಾನು ಈ ಕೆಲಸ ಹಿಡಿದದ್ದು ಅಂದುಕೊಂಡ. ಇಷ್ಟು ವರ್ಷ ಬರೆದ ಐದು ಅಧ್ಯಾಯಗಳಲ್ಲಿ ಆ ಮಾತು ಎಲ್ಲಿಯೂ ಇರಲಿಲ್ಲ. ಈಗ ಬರೆದ. ಕೈ ನೋಯುತ್ತಿದ್ದರೂ ನಿಲ್ಲಿಸಲಿಲ್ಲ. ಶಾರವ್ವ ಒಂದು ತಟ್ಟೆಯಲ್ಲಿ ರೊಟ್ಟಿ, ಪಲ್ಯೆ ತಂದಿಟ್ಟು, ಅವನು ಅದನ್ನು ನೋಡಲಿಲ್ಲವೆಂದು ಗಾಬರಿಯಾಗಿ ಮಾಸ್ತರ ಮುಖ ನೋಡಿದಳು. ಮಾಸ್ತರು ಸುಮ್ಮನಿರೆಂದು ಕೈಮಾಡಿದರು.

ಬಿಸಿಲು ಇಳಿಯುವ ಹೊತ್ತಿಗೆ ಹಣಮೇಶ ಕೊನೆಯ ಸಾಲಿಗೆ ಬಂದಿದ್ದ. ಆಗಲೇ ಮಾಸ್ತರ ಜೇಬಿನಲ್ಲಿ ಮೊಬೈಲು ಸದ್ದು ಮಾಡಿತು. ಮಾಸ್ತರು ತೆಗೆದು ಕಿವಿಗೆ ಹಿಡಿದರು.

"ಹಲೋ. ಹಣಮೇಶ ಬರಿಯಾಕ ಕುಂತಾನ. ಫೋನ್ ಕೊಡಾಕ ಬರೂದಿಲ್ಲ."

ಆ ಕಡೆಯ ದನಿ ಏನೋ ಕೇಳಿತು.

"ನಾನ? ನಾನ್ರಿ ಸೂಪರ್‌ವೈಜರ್."

ಆ ಕಡೆಯ ದನಿ ಈಗ ಮೊಬೈಲಿನಿಂದ ಹೊರಗೂ ಕೇಳಿಸಿತು. ಹಣಮೇಶ ಆ ದನಿಯ ಗುರುತು ಹಿಡಿದ. ಅವನ ಪಿಎಚ್.ಡಿ.ಗೆ ವಿಶ್ವವಿದ್ಯಾಲಯ ಗೊತ್ತು ಮಾಡಿದ ಸೂಪರ್‌ವೈಜರ್, ಬಾಗಲಕೋಟೆಯ ಡಾಕ್ಟರ್ ಪ್ರೇಮಕುಮಾರರು. ಅವರ ಎದುರು ಹಣಮೇಶ ಈವರೆಗೆ ಪೂರ್ತಿ ಒಂದು ವಾಕ್ಯ ಆಡಿರಲಿಲ್ಲ.

"ಸರ್, ಕೊಡ್ರಿ, ಅವರು ನಮ್ಮ ಗೈಡ್ ಅದಾರ" ಎಂದು ಎದ್ದ.

"ಕುಂದ್ರು" ಅಂದರು ಮಾಸ್ತರು. ಮೊಬೈಲಿಗೆ ಹೇಳಿದರು: "ಏನು, ಪ್ರಬಂಧ ತಗೊಂಡು ಬಾಗಲಕೋಟಿಗಿ ಬರಬೇಕಾ? ಹುಡುಗ ಈಗ ಹದಕ್ಕ ಬಂದಾನ್ರಿ. ಎಬ್ಬಿಸಿದ್ರ ಮತ್ತ ಕೂಡೂದಿಲ್ಲ. ನಿಮಗ ಅವಸರ ಇದ್ರ ನೀವ ಬರ್ರಿ."

ಮೊಬೈಲು ಮತ್ತೆ ಜೇಬಿಗೆ ಹೋಯಿತು.

ಹಣಮೇಶ ಕೊನೆಯ ಸಾಲನ್ನು ಹೇಗೆ ಬರೆದನೋ ಅವನಿಗೇ ತಿಳಿಯಲಿಲ್ಲ. ಅಧ್ಯಾಯ ಮುಗಿಯಿತು. ಜೊತೆಗೆ ತನ್ನ ಪಿಎಚ್.ಡಿ.ಯೂ ಮುಗಿಯಿತೆಂದು ಅವನು ತಿಳಿದುಕೊಂಡ. ಶಾರವ್ವ ಮಾತ್ರ ಹಾಳೆ ಎಣಿಸಿ, ದೊಡ್ಡ ಮನುಷ್ಯರು ಬರುತ್ತಾರೆಂದು ಅಂಗಳಕ್ಕೆ ನೀರು ಹೊಡೆದಳು.

ಪ್ರೇಮಕುಮಾರರು ಅಂದು ಬಾದಾಮಿಯ ಒಂದು ಸಭೆಗೆ ಹೊರಡುವ ಮೊದಲು ಸಹಿ ಮಾಡಿ ಮುಗಿಸೋಣವೆಂದು ಹಣಮೇಶನನ್ನು ಕರೆದಿದ್ದರು. ಗುಳೇದಗುಡ್ಡ ದಾರಿಯಲ್ಲೇ ಇತ್ತು. ಕಾರು ನಿಲ್ಲಿಸಿ, ಬಾಗಿಲನ್ನು ಜೋರಾಗಿ ಹಾಕಿ, ಮೆಟ್ಟಿಲು ಹತ್ತುತ್ತಲೇ ಕೇಳಿದರು.

"ಯಾರಲೇ ಅಂವ ಸೂಪರ್‌ವೈಜರ್?"

ಬಸಯ್ಯ ಮಾಸ್ತರು ಪೇಪರ್ ಕೆಳಗಿಳಿಸಿ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಪ್ರೇಮ್ಯಾ ಅಲ್ಲೇನು ನೀ? ಕಡೀ ಬೆಂಚಿನ್ಯಾಂವ?"

ಡಾಕ್ಟರ್ ಪ್ರೇಮಕುಮಾರರು ಒಂದು ಮೆಟ್ಟಿಲು ಕೆಳಗಿಳಿದರು. ಆಮೇಲೆ ಮೇಲೆ ಬಂದು, ಬೂಟು ಬಿಚ್ಚಿ, ಮಾಸ್ತರ ಕಾಲು ಮುಟ್ಟಿ, ಕೈ ಕಟ್ಟಿ ನಿಂತರು.

"ಹೌದ್ರಿ ಸರ್. ಆರಾಮ ಅದೀರೇನ್ರಿ ಸರ್?"

ಹಣಮೇಶನಿಗೆ ಹೋದ ಜೀವ ಬಂತು. ಅಷ್ಟೇ ಅಲ್ಲ, ಹೆಸರಿನ ಹಿಂದೆ ಡಾಕ್ಟರ್ ಬಂದು ಕೂತ ಹಾಗೂ ಆಯಿತು. ಗೈಡಿನ ಗುರುಗಳೇ ತನ್ನ ಓಣಿಯಲ್ಲಿ, ತನ್ನ ಮನೆಯಲ್ಲಿ, ತನ್ನ ಕುರ್ಚಿಯ ಮೇಲೆ ಕೂತಿದ್ದಾರೆ. ಇನ್ನು ಯಾರ ಅಂಜಿಕೆ? ಫೈಲು ತಂದು, ಪ್ರಮಾಣಪತ್ರದ ಹಾಳೆ ತೆಗೆದು, ಗೈಡ್ ಸಹಿ ಮಾಡುವ ಜಾಗವನ್ನು ಬೆರಳಿನಿಂದ ತೋರಿಸಿದ. ಪ್ರೇಮಕುಮಾರರೂ ಅಲ್ಲಿಂದ ಬೇಗ ಹೊರಡುವ ಆಸೆಯಿಂದ ಪೆನ್ನಿನ ಟೊಪ್ಪಿಗೆ ತೆಗೆದರು.

"ಪೂರಾ ಓದೀಯೇನು?" ಎಂದು ಕೇಳಿದರು ಮಾಸ್ತರು.

ಪೆನ್ನು ಗಾಳಿಯಲ್ಲಿ ನಿಂತಿತು.

"ಸರ್, ಹುಡುಗ ಭಾಳ ಶ್ಯಾಣ್ಯಾ ಅದಾನ. ಓದೂದ ಏನ ಬೇಕಾಗಿಲ್ರಿ."

"ಕೆಳಗ ಏನ ಬರದೈತಿ ನೋಡು."

ಪ್ರೇಮಕುಮಾರರು ನೋಡಿದರು. ಇದನ್ನು ನಾನು ಸಂಪೂರ್ಣವಾಗಿ ಪರಿಶೀಲಿಸಿದ್ದೇನೆ ಎಂದು ಅಲ್ಲಿ ಟೈಪಾಗಿತ್ತು.

"ಖರೆ ಮಾಡಿ ಆಮ್ಯಾಲ ಸಹಿ ಮಾಡು. ಕುಂದ್ರು. ಜೋರಾಗಿ ಓದು."

ಪ್ರೇಮಕುಮಾರರು ಹಣಮೇಶನ ಮಗ್ಗುಲಿಗೆ ಕೂತು ಮೊದಲ ಅಧ್ಯಾಯದಿಂದ ಜೋರಾಗಿ ಓದತೊಡಗಿದರು. ಬಾದಾಮಿಯಿಂದ ಫೋನು ಬಂತು. ಮಾಸ್ತರು ಆ ಮೊಬೈಲನ್ನೂ ಇಸಿದುಕೊಂಡು ಇನ್ನೊಂದು ಜೇಬಿಗೆ ಹಾಕಿದರು. ಎರಡನೆಯ ಅಧ್ಯಾಯದಲ್ಲಿ ಕುರಿಗಳ ವರ್ಣನೆ ಬಂದಾಗ ಶಾರವ್ವ ಚೌಕಟ್ಟಿಗೆ ಒರಗಿ ಕೇಳುತ್ತ, ನಮ್ಮ ಕಡಿ ಇಂಥ ಕುರಿ ಇಲ್ಲವೇ ಇಲ್ಲ ಅಂದಳು. ನಾಲ್ಕನೆಯ ಅಧ್ಯಾಯದ ನಡುವೆ ಪ್ರೇಮಕುಮಾರರು ತಟ್ಟನೆ ನಿಂತರು.

"ಯಾಕ ನಿಂತಿ?"

ಪ್ರೇಮಕುಮಾರರು ಕೆಮ್ಮಿ ಓದಿದರು: "ಈ ಪ್ರಬಂಧವನ್ನು ಇಲ್ಲಿಯವರೆಗೆ ಯಾರಾದರೂ ಓದಿದ್ದಲ್ಲಿ ಅವರಿಗೆ ಸಂಶೋಧಕನು ಒಂದು ತಟ್ಟೆ ಗಿರಮಿಟ್ ಕೊಡಿಸತಕ್ಕದ್ದು."

ಹಣಮೇಶ ನೆಲ ನೋಡಿದ. ಹಿಂದೆ ಎಂದೋ, ಗೈಡು ಓದುತ್ತಾರೋ ಇಲ್ಲವೋ ನೋಡಲು ಆ ಸಾಲು ಸೇರಿಸಿದ್ದ. ಓದಿರಲಿಲ್ಲ. ಆ ನೆಮ್ಮದಿಯಲ್ಲಿ ಸಾಲು ಅಳಿಸುವುದನ್ನು ಮರೆತಿದ್ದ. ಅದೇ ನೆಮ್ಮದಿಯಲ್ಲಿ, ಮೂರನೆಯ ಅಧ್ಯಾಯಕ್ಕೇ ಬೇರೆ ಹೆಸರಿಟ್ಟು ಐದನೆಯದನ್ನೂ ಮಾಡಿದ್ದ. ಸ್ವಲ್ಪ ಹೊತ್ತಿನಲ್ಲಿ ಪ್ರೇಮಕುಮಾರರು ಅದಕ್ಕೂ ಬಂದರು.

"ಇದನ್ನ ಈಗಷ್ಟ ಓದಿದ್ನೆಲ್ಲ" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಮಾಸ್ತರ ಕಡೆ ತಲೆ ಎತ್ತದೆ ಓದು ಮುಂದುವರಿಸಿದರು.

ಕೊನೆಗೆ ಆವತ್ತು ಬರೆದ ಹಾಳೆಗಳನ್ನು ಕೈಗೆತ್ತಿಕೊಂಡರು. ಓದುತ್ತ ಹೋದಂತೆ ದನಿ ಮೆತ್ತಗಾಯಿತು. ಹಾಡುವವರು ಮರೆತ ಜಾಗವನ್ನು ಡೊಳ್ಳು ಕಾಯುತ್ತದೆ ಎಂಬಲ್ಲಿಗೆ ಬಂದಾಗ ಅದನ್ನು ಎರಡು ಸಲ ಓದಿದರು. ಮುಗಿದ ಮೇಲೆ ಶಾರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇದನ್ನ ನೀ ಬರದೀಯಾ?" ಎಂದು ಪ್ರೇಮಕುಮಾರರು ಕೇಳಿದರು.

"ಹೌದ್ರಿ ಸರ್. ಇವತ್ತ."

"ಭಾಳ ಚಲೋ ಆಗೇತಿ."

ಅಷ್ಟು ವರ್ಷಗಳಲ್ಲಿ ಹಣಮೇಶ ಅವರಿಂದ ಕೇಳಿದ ಮೊದಲ ಹೊಗಳಿಕೆ ಅದು. ಅವನು ಮೆಲ್ಲಗೆ ಪ್ರಮಾಣಪತ್ರವನ್ನು ಮತ್ತೆ ಮುಂದೆ ಸರಿಸಿದ. ಪ್ರೇಮಕುಮಾರರು ಮಾಸ್ತರ ಕಡೆ ನೋಡಿದರು.

"ಚಲೋ ಆಗೇತಿ ಖರೆ" ಅಂದರು ಬಸಯ್ಯ ಮಾಸ್ತರು. "ಅದ ತೊಂದ್ರಿ ಆಗೇತಿ ನೋಡು. ಇದರ ಮುಂದ ಆ ಐದೂ ನಿಲ್ಲೂದಿಲ್ಲ. ಇಷ್ಟ ಬರಿಯಾಕ ಬರ್ತೈತಿ ಅಂದ್ಮ್ಯಾಲ ಅವನ್ನೂ ಇದರಂಗ ಬರೀಲಿ. ಏನಂತಿ ಪ್ರೇಮ್ಯಾ?"

"ನೀವ ಅಂದಂಗ್ರಿ ಸರ್. ಆರು ತಿಂಗಳ ವಾಯ್ದೆ ಕೊಡಸ್ತೇನಿ. ಪತ್ರ ಬರೀತೇನ್ರಿ."

"ಹುಡುಗ ದಿನಾ ಮುಂಜಾನೆ ನನ್ನ ಮುಂದ ಕೂಡ್ಲಿ. ನೀ ಐತಾರಕ್ಕೊಮ್ಮೆ ಬಂದ ಓದು. ಜೋರಾಗಿ."

ಹಣಮೇಶ ಗೈಡನ್ನು ಕಾರಿನ ತನಕ ಕಳಿಸಲು ಹೋದ. ಪ್ರೇಮಕುಮಾರರು ಬಾಗಿಲು ತೆರೆದು, ಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಹಣಮೇಶ, ಹೋದ ತಿಂಗಳ ಒಂದೀಟ ಏನರ ಗೀಚಿ ತಂದಿದ್ರ ಕಣ್ಣ ಮುಚ್ಚಿ ಸಹಿ ಮಾಡ್ತಿದ್ನೆಲ್ಲೋ. ಯಾರಿಗೂ ತ್ರಾಸ ಇರ್ತಿರಲಿಲ್ಲ."

ಕಾರು ಬಾದಾಮಿಗೆ ಹೋಗದೆ ಬಾಗಲಕೋಟೆಯ ಕಡೆಗೇ ತಿರುಗಿತು. ಸಭೆ ಆ ಹೊತ್ತಿಗೆ ಮುಗಿದಿತ್ತು.

ಅದೇ ಧೂಳಿನಲ್ಲಿ, ದವಾಖಾನೆಯಲ್ಲಿ ತಡವಾಗಿ ಕೊನೆಯ ಬಸ್ಸಿಗೆ ಬಂದಿಳಿದ ಸವಿತಾ ಮಗಳ ಕೈ ಹಿಡಿದು ಬಂದಳು. ಗೈಡಿನ ಕಾರು ಅವಳಿಗೆ ಎದುರಾಗಿತ್ತು. ಮುಖದಲ್ಲಿ ಹಣಮೇಶ ಬಹಳ ದಿನದಿಂದ ಕಾಣದಿದ್ದ ನಗೆ ಇತ್ತು.

"ಸರ್ ಮನೀತನಕಾ ಬಂದಿದ್ರಲ್ಲ. ಕೊನೀ ಅಧ್ಯಾಯ ಮುಗೀತೇನ್ರಿ?"

"ಕೊನೀದ ಮುಗೀತು" ಅಂದ ಹಣಮೇಶ. "ಇನ್ನ ಮೊದಲಿನ ಐದ ಉಳದಾವ."