ಪ್ರಿಂಟ್ ಸರ್ವರ್ ಬದಲಾದ ವಾರ

ಕಾಸರಗೋಡಿನ ನಮ್ಮ ಕಾಲೇಜಿನಲ್ಲಿ ಯಂತ್ರಗಳು ಬದಲಾಗುತ್ತಲೇ ಇರುತ್ತವೆ. ಬೆರಗಾಗುವ ಕೆಲಸ ಮಾತ್ರ ಪ್ರತಿಬಾರಿಯೂ ಪ್ರಾಂಶುಪಾಲೆಯಾದ ನನ್ನ ಪಾಲಿಗೇ ಬರುತ್ತದೆ. ಈ ವರ್ಷ ಎಲ್ಲ ಪ್ರಿಂಟರುಗಳನ್ನೂ ಒಂದೇ ಹೊಸ ಸರ್ವರಿನ ಆಳ್ವಿಕೆಗೆ ಒಪ್ಪಿಸಿದೆವು.

ಕ್ಯೂ

ಕಂಪ್ಯೂಟರ್ ನೋಡಿಕೊಳ್ಳುವ ತಂತ್ರಜ್ಞರು ಆಫೀಸಿನಲ್ಲಿ ನಿಂತು ಘೋಷಿಸಿದರು: "ನಾಳೆಯಿಂದ ಹಳೇ ಕ್ಯೂ ಇರುವುದಿಲ್ಲ. ಎಲ್ಲ ಹೊಸ ಕಡೆಗೆ ಹೋಗ್ತದೆ."

ಮುದ್ರಣಕ್ಕೆ ಕಾದಿರುವ ಕಡತಗಳ ಸಾಲಿಗೂ ಕ್ಯೂ ಎನ್ನುತ್ತಾರೆಂದು ನಾನು ತಿಳಿದದ್ದು ಆಗಲೇ. ನಮ್ಮ ಅಟೆಂಡರರಿಗೆ ತಿಳಿದಿದ್ದುದು ಕೇರಳದಲ್ಲಿ ಎಲ್ಲರೂ ಬಲ್ಲ ಇನ್ನೊಂದು ಕ್ಯೂ, ಸರಕಾರಿ ಮದ್ಯದಂಗಡಿಯ ಮುಂದಿನದು. ತಂತ್ರಜ್ಞರನ್ನು ಬಾಗಿಲಿನಾಚೆಗೆ ಕರೆದು ಪಿಸುಗುಟ್ಟಿದರು:

"ಹೊಸತು ಎಲ್ಲಿ ಮಾರಾಯ್ರೆ? ಬಸ್ ಉಂಟಾ ಅಲ್ಲಿಗೆ?"

ಚೌಕ

ತಂತ್ರಜ್ಞರು ಪರೀಕ್ಷಾರ್ಥವಾಗಿ ಒಂದು ಪುಟ ಮುದ್ರಿಸಿದರು. ಇಂಗ್ಲಿಷ್ ಬಂತು, ಮಲಯಾಳ ಬಂತು. ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು.

"ಕನ್ನಡ ಎಲ್ಲಿ?" ಎಂದೆ.

"ಉಂಟು ಮೇಡಂ. ಪ್ರತಿ ಬಾಕ್ಸಿನಲ್ಲೂ ಅಕ್ಷರ ಉಂಟು. ಈ ಹೊಸ ಡ್ರೈವರಿಗೆ ಕಾಣುವುದಿಲ್ಲ, ಅಷ್ಟೆ."

ಡ್ರೈವರ್ ಎಂದರೆ ನಮ್ಮ ಮಾತನ್ನು ಪ್ರಿಂಟರಿಗೆ ದಾಟಿಸುವ ದುಭಾಷಿಯಂತೆ. ಇರುವುದು ಬೇರೆ, ಕಾಣುವುದು ಬೇರೆ! ಇಷ್ಟನ್ನು ತಿಳಿಯಲು ನಾನು ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಬೇಕಾಯಿತು.

ಸಂಜೆಗೆ ನನ್ನ ಕೋಣೆಯ ಪ್ರಿಂಟರ್ ಕನ್ನಡ ಕಲಿಯಿತು. "ಉಳಿದವಕ್ಕೆ ನಾಳೆ ಕಲಿಸ್ತೇನೆ" ಎಂದರು.

ಗೌಪ್ಯ

ಮರುದಿನ ಹತ್ತಕ್ಕೆ ಕನ್ನಡ ಪರೀಕ್ಷೆ. ನನ್ನ ಕೈಯಿಂದ ಇದುವರೆಗೆ ಒಂದು ಪ್ರಶ್ನೆಪತ್ರಿಕೆಯೂ ಸೋರಿಲ್ಲ. ಆದ್ದರಿಂದ ಬೆಳಿಗ್ಗೆಯೇ ಬಂದು, ಬಾಗಿಲು ಹಾಕಿಕೊಂಡು ನಾನೇ ಮುದ್ರಿಸಲು ಕುಳಿತೆ. ಗುಂಡಿ ಒತ್ತಿದೆ. ಮೌನ. ಮತ್ತೊಮ್ಮೆ ಒತ್ತಿದೆ. ಕೊನೆಗೆ ತಂತ್ರಜ್ಞರನ್ನು ಕರೆಸಿದೆ.

"ಪ್ರಿಂಟ್ ಆಗಿದೆಯಲ್ಲ ಮೇಡಂ."

"ಎಲ್ಲಿ?"

ಅವರು ಕಂಪ್ಯೂಟರಿನ ತೆರೆಯನ್ನು ನೋಡಿ ಬೆವರಿದರು. "ಹಾಸ್ಟೆಲಿನಲ್ಲಿ. ಎರಡು ಪ್ರಿಂಟರುಗಳ ಹೆಸರು ಅದಲುಬದಲಾಗಿದೆ."

ಪರೀಕ್ಷೆ ಬರೆಯಬೇಕಾದ ಹುಡುಗಿಯರು ಅಲ್ಲಿ ತಿಂಡಿಗೆ ಕುಳಿತಿರುವ ಹೊತ್ತು. ನಾನು ಓಡುವವಳಲ್ಲ, ಅಂದು ಓಡಿದೆ.

ತಡವಾಗಿತ್ತು. ಹಾಸ್ಟೆಲಿನ ಪ್ರಿಂಟರ್ ಇದ್ದುದು ಊಟದ ಕೋಣೆಯ ಮೂಲೆಯಲ್ಲಿ. ಪ್ರತಿಯೊಬ್ಬಳ ತಟ್ಟೆಯ ಪಕ್ಕದಲ್ಲೂ ಒಂದೊಂದು ಪ್ರತಿ! ದೋಸೆ ಬಡಿಸುತ್ತಿದ್ದ ಅಡುಗೆಯಾಕೆ ನನ್ನನ್ನು ಕಂಡು ಹೆಮ್ಮೆಯಿಂದ ಹೇಳಿದರು: "ಎಲ್ಲರಿಗೂ ಕೊಟ್ಟಾಯ್ತು ಮೇಡಂ. ಎರಡನೇ ಸಲ ಬೇಕಾದವರಿಗೂ ಉಂಟು."

ಒಂದು ಪ್ರತಿಯನ್ನು ಎತ್ತಿಕೊಂಡೆ. ಮೇಲಿನಿಂದ ಕೆಳಗಿನವರೆಗೆ ಖಾಲಿ ಚೌಕಗಳು. ಅಂಚಿನಲ್ಲಿ 5, 10 ಎಂಬ ಅಂಕಗಳು ಮಾತ್ರ. ಆ ಪ್ರಿಂಟರ್ ಇನ್ನೂ ಕನ್ನಡ ಕಲಿತಿರಲಿಲ್ಲ. ನನ್ನ ಮರ್ಯಾದೆ ಕಾಪಾಡಿದ ಆ ಅಜ್ಞಾನಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಅಳುದನಿಯಲ್ಲಿ ಎದ್ದಳು: "ಮೇಡಂ, ಇದು ಪೋರ್ಷನಿನಲ್ಲಿ ಇರಲೇ ಇಲ್ಲ!"

ಪ್ರತಿಗಳನ್ನು ಒಟ್ಟುಮಾಡುತ್ತ ಗಂಭೀರವಾಗಿಯೇ ಹೇಳಿದೆ: "ಎಲ್ಲವೂ ಪಾಠದೊಳಗಿನದೇ. ಸರಿಯಾಗಿ ಓದಿದವರಿಗೆ ಕಾಣುತ್ತದೆ."