ಕೆಂಗಣ್ಣು ಅಳಿಸಿದ ಫ್ಲ್ಯಾಶಣ್ಣ

"ನನ್ನ ಸ್ಟುಡಿಯೊದಿಂದ ಕೆಂಗಣ್ಣಿನ ಫೋಟೊ ಒಂದೇ ಒಂದು ಹೊರಗೆ ಬಿದ್ರೆ, ಅವತ್ತೇ ಕ್ಯಾಮೆರಾ ಕೆಳಗಿಡ್ತೀನಿ!"

ಹೀಗೆ ಗುಡುಗಿದವನು ಫ್ಲ್ಯಾಶಣ್ಣ, ಪೇಟೆ ಮೂಲೆಯ ಫೋಟೊ ಸಾಮ್ರಾಜ್ಯದ ಏಕೈಕ ಚಕ್ರವರ್ತಿ. ಫ್ಲ್ಯಾಶ್ ಬೆಳಕಿಗೆ ಯಾರ ಕಣ್ಣಾದರೂ ಕೆಂಡದಂತೆ ಕಂಡರೆ ಸಾಕು, ಕಂಪ್ಯೂಟರಿನ ಮುಂದೆ ಕೂತು ಕೆಂಪಿನ ವಂಶವನ್ನೇ ನಿರ್ನಾಮ ಮಾಡುತ್ತಿದ್ದ.

"ಕೈ ಚುರುಕೇ," ಎಂದಳು ಹೆಂಡತಿ. "ಕಿವಿಯದೇ ತೊಂದರೆ. ಯಾರು ಏನು ಹೇಳಿದ್ರೂ ಅರ್ಧಕ್ಕೇ ಮುಚ್ಚಿಕೊಳ್ಳುತ್ತೆ."

ಆಗ ಊರಲ್ಲಿ ಕಣ್ಣುಬೇನೆ ಹಬ್ಬಿತ್ತು. ಕಣ್ಣಿನ ಡಾಕ್ಟರಮ್ಮ ಅವನನ್ನು ಆಸ್ಪತ್ರೆಗೆ ಕರೆಸಿದರು.

"ಈ ರೋಗಿಗಳ ಫೋಟೊ ಹಾಕಿ ಪೋಸ್ಟರ್ ಮಾಡಿ. 'ನಿಮ್ಮ ಕಣ್ಣು ಹೀಗಿದೆಯೇ? ಕೂಡಲೇ ಬನ್ನಿ' ಅಂತ ಬರೀರಿ. ಆದ್ರೆ ಒಂದು ವಿಷಯ..."

"ನನಗೇ ಪಾಠನಾ ಡಾಕ್ಟ್ರೇ? ಬಿಡಿ, ಬಿಡಿ!"

ಒಬ್ಬೊಬ್ಬರ ಗಲ್ಲ ಹಿಡಿದು ತಿರುಗಿಸಿ, ಅದೇ ಕೈಯಲ್ಲಿ ತನ್ನ ಕಣ್ಣುಜ್ಜಿಕೊಂಡು, ಫೋಟೊ ತೆಗೆದ. ಸ್ಟುಡಿಯೊಗೆ ಬಂದವನೇ ಅಷ್ಟೂ ಕಣ್ಣುಗಳನ್ನು ಮಲ್ಲಿಗೆಯಂತೆ ಬೆಳ್ಳಗೆ ಮಾಡಿ, ಊರ ತುಂಬ ಪೋಸ್ಟರ್ ಅಂಟಿಸಿಬಿಟ್ಟ. ಮೂಲ ಫೋಟೊಗಳನ್ನೂ ಉಳಿಸಲಿಲ್ಲ ಪುಣ್ಯಾತ್ಮ!

ಮರುದಿನ ಆಸ್ಪತ್ರೆಯ ಗೇಟು ಮುರಿಯುವಷ್ಟು ಜನ! ಒಬ್ಬರ ಕಣ್ಣಿಗೂ ಕುಂದಿಲ್ಲ.

"ಡಾಕ್ಟ್ರೇ, ಕನ್ನಡಿ ನೋಡ್ಕೊಂಡೆ. ಪೋಸ್ಟರಲ್ಲಿರೋ ಹಾಗೇ ಬೆಳ್ಳಗಿದೆ! ಬದುಕ್ತೀನಾ?" ಎಂದು ಒಬ್ಬಾಕೆ ಅತ್ತೇಬಿಟ್ಟಳು. ಇತ್ತ ನಿಜವಾಗಿ ಬೇನೆ ಬಂದವರು "ನಮಗೇನೂ ಆಗಿಲ್ಲ" ಎಂದು ಕಣ್ಣುಜ್ಜಿಕೊಳ್ಳುತ್ತ, ಸಿಕ್ಕವರ ಕೈ ಕುಲುಕುತ್ತ ಬಸ್ಸು ಹತ್ತುತ್ತಿದ್ದರು.

ಡಾಕ್ಟರಮ್ಮ ಫೋನಿನಲ್ಲೇ ಸಿಡಿದರು. "ರೋಗ ವಾಸಿ ಮಾಡೋದು ನನ್ನ ಕೆಲಸ ಕಣ್ರೀ! ಸಂಜೆಯೊಳಗೆ ಬೇರೆ ಪೋಸ್ಟರ್ ಬರ್ಲಿಲ್ಲ ಅಂದ್ರೆ ನಿಮ್ಮ ಗ್ರಹಚಾರ ಬಿಡಿಸ್ತೀನಿ!"

ಫ್ಲ್ಯಾಶಣ್ಣ ರೋಗಿಗಳ ಹಿಂದೆ ಓಡಿದ. "ನಿನ್ನೆ ಫೋಟೊದಲ್ಲಿ ವಾಸಿ ಮಾಡಿದ್ಯಲ್ಲಪ್ಪ, ಇವತ್ತು ಮತ್ತೆ ರೋಗ ಬರಿಸ್ತೀಯಾ?" ಎಂದು ಅವರು ಬಾಗಿಲು ಹಾಕಿಕೊಂಡರು. ಜೋಲುಮುಖ ಹೊತ್ತು ಸ್ಟುಡಿಯೊಗೆ ಬಂದ. ಕಣ್ಣೊಳಗೆ ಮರಳು ಸುರಿದಂತಾಗಿ, ನೀರು ಧಾರೆಯಾಗಿ ಇಳಿಯಿತು.

ಹೆಂಡತಿ ಅವನನ್ನೇ ದಿಟ್ಟಿಸಿದಳು. "ಅಲ್ಲಾಡ್ಬೇಡಿ!" ಎಂದವಳೇ ಕ್ಯಾಮೆರಾ ಎತ್ತಿ ಕ್ಲಿಕ್ಕಿಸಿದಳು.

ಸಂಜೆಗೆ ಊರ ಗೋಡೆಗಳ ತುಂಬ ಫ್ಲ್ಯಾಶಣ್ಣನ ಮುಖ, ಹಣ್ಣಾದ ಟೊಮೇಟೊದಂಥ ಎರಡು ಕಣ್ಣು! ಮೇಲೆ "ನಿಮ್ಮ ಕಣ್ಣು ಹೀಗಿದೆಯೇ? ಕೂಡಲೇ ಬನ್ನಿ." ಕೆಳಗೆ ದಪ್ಪ ಅಕ್ಷರದಲ್ಲಿ: "ಇಂಥವರ ಜೊತೆ ಒಂದೇ ಮನೆಯಲ್ಲಿರುವುದು ಕಷ್ಟ!"

"ಲೇ, ಕೆಳಗಿನ ಸಾಲೂ ಡಾಕ್ಟರಮ್ಮ ಹೇಳಿದ್ದಾ?"

"ಇಲ್ಲಾರೀ, ಮೇಲಿನದು ಅವರ ಓದು. ಕೆಳಗಿನದು ನನ್ನ ಅನುಭವ!"