ಗೋಡೆಗೆ ಹೊಡೆದ ಪ್ರಬಂಧ

ಎಲ್ಲಕ್ಕೂ ಕಾರಣ ಒಂದು ತೂತು. ಇದ್ದ ತೂತಲ್ಲ, ಇರಬೇಕಾದಲ್ಲಿ ಇಲ್ಲದ ತೂತು.

ಶುಕ್ರವಾರ ಬೆಳಿಗ್ಗೆ ಮುದ್ರಣಾಲಯದಿಂದ ಬಂದ ಪೆಟ್ಟಿಗೆಯನ್ನು ಗುನ್ವೋರ್ ಕತ್ತರಿಯಿಂದ ಸೀಳಿದಳು. ಒಳಗೆ ಐವತ್ತು ಪ್ರತಿ, ಕೆಂಪು ರಟ್ಟು, ಒಂದೊಂದೂ ನಾನೂರ ಹನ್ನೆರಡು ಪುಟ. ವಯಸ್ಕರ ಶಿಕ್ಷಣದಲ್ಲಿ ಡಾಕ್ಟರೇಟ್ ಮಾಡಲು ಹೊರಟಾಗ ಅವಳಿಗೆ ನಲವತ್ತೇಳು, ಈಗ ಐವತ್ತೆಂಟು. ನಡುವೆ ಎಲ್ಲಿ ಹೋಯಿತೋ ತಿಳಿಯದ ಹನ್ನೊಂದು ವರ್ಷ ಈ ಪೆಟ್ಟಿಗೆಯೊಳಗೆ ಸಿಕ್ಕಿತು. ಒಂದು ಪ್ರತಿ ಎತ್ತಿ ಮೂಸಿದಳು, ಎದೆಗೊತ್ತಿಕೊಂಡಳು, ಆಮೇಲೆ ಮೇಲಿನ ಎಡಮೂಲೆ ನೋಡಿದಳು. ತೂತಿರಲಿಲ್ಲ.

ವೆಟರ್ನ್ ಸರೋವರದ ದಂಡೆಯ ಆ ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಬರೆದು ಮುಗಿಸಿದರೆ ಸಾಲದು. ಅದನ್ನು ಕೆಳಮಹಡಿಯ ಓಕ್ ಹಲಗೆಗೆ ಮೊಳೆ ಹೊಡೆದು ತೂಗಹಾಕಬೇಕು. ಬಹಿರಂಗ ಪರೀಕ್ಷೆಗೆ ಮುಂಚೆ ಪೂರ್ತಿ ಮೂರು ವಾರ ಅದು ಅಲ್ಲಿರಬೇಕು, ಯಾರು ಬೇಕಾದರೂ ಓದಲಿ ಎಂದು. ಯಾರೂ ಓದುವುದಿಲ್ಲ, ಆ ಮಾತು ಬೇರೆ. ಗುನ್ವೋರಳ ಪರೀಕ್ಷೆ ಇಂದಿಗೆ ಸರಿಯಾಗಿ ಮೂರು ವಾರಕ್ಕೆ, ಬೇಸಿಗೆ ರಜೆಗೆ ಮುಂಚಿನ ಕೊನೆಯ ಶುಕ್ರವಾರ. ಪ್ರಶ್ನೆ ಕೇಳಲು ನಾರ್ವೆಯಿಂದ ಬರಬೇಕಾದ ಪ್ರೊಫೆಸರರ ಆ ಒಂದು ದಿನ ಹಿಡಿಯಲು ಎರಡು ವರ್ಷ ಬೇಕಾಗಿತ್ತು. ಇವತ್ತು ಮೂರು ಗಂಟೆಯೊಳಗೆ ಮೊಳೆ ಬೀಳದಿದ್ದರೆ ಪರೀಕ್ಷೆ ಹೋಯಿತು, ಇನ್ನೇನಿದ್ದರೂ ಮುಂದಿನ ವರ್ಷ.

ಗುನ್ವೋರ್ ಪುಸ್ತಕ ಕಂಕುಳಲ್ಲಿಟ್ಟುಕೊಂಡು, ವಿಭಾಗದ ನಿಯಮಗಳನ್ನೆಲ್ಲ ಕಾಯುವ ಮೈಕೆನ್‌ಳ ಕೋಣೆಗೆ ನುಗ್ಗಿದಳು.

"ತೂತಿಲ್ಲ. ಹಾಗೇ ಮೊಳೆ ಹೊಡೆದುಬಿಡ್ಲಾ?"

"ನಾನೂರು ಪುಟಕ್ಕಾ?" ಮೈಕೆನ್ ಕನ್ನಡಕದ ಮೇಲಿಂದ ನೋಡಿದಳು. "ಮೊಳೆ ಆಚೆ ಬರೋ ಹೊತ್ತಿಗೆ ನಿನಗೆ ಪಿಂಚಣಿ ಬಂದಿರುತ್ತೆ."

"ದಾರ ಕಟ್ಟಿ ನೇತುಹಾಕಿದ್ರೆ?"

"ನಿಯಮದಲ್ಲಿ ಮೊಳೆ ಅಂತಿದೆ. ದಾರ ಬೇಕಾದ್ರೆ ಸಮಿತಿಗೆ ಅರ್ಜಿ ಹಾಕು. ಸಮಿತಿ ಸೇರೋದು ಆಗಸ್ಟ್‌ನಲ್ಲಿ."

"ಹಾಗಾದ್ರೆ ತೂತು ಕೊರೆಸ್ತೀನಿ," ಎಂದು ಗುನ್ವೋರ್ ಹೊರಟಳು. ಮೂವತ್ತು ವರ್ಷ ಸಂಜೆ ತರಗತಿಗಳಲ್ಲಿ ದೊಡ್ಡವರಿಗೆ ಭಿನ್ನರಾಶಿ ಕಲಿಸಿದವಳು ಅವಳು. ತೂತಿಗೆ ಹೆದರುವ ಜೀವವಲ್ಲ.

ಕಟ್ಟಡ ನೋಡಿಕೊಳ್ಳುವ ಸ್ಟೂರೆ ನೆಲಮಾಳಿಗೆಯಲ್ಲಿ ರೇಡಿಯೊ ಕೇಳುತ್ತ ಕುಳಿತಿದ್ದ. ಕೊರೆಯುವ ಯಂತ್ರ ಅವನ ಬಳಿಯಿತ್ತು. ಅದರ ಜೊತೆಗೆ ತುಂಬಬೇಕಾದ ಒಂದು ಹಾಳೆಯೂ ಇತ್ತು.

"ಅಪಾಯದ ಅಂದಾಜು," ಎಂದು ಅವನು ಪೆನ್ನು ಹಿಡಿದ. "ಈ ಪುಸ್ತಕದಿಂದ ಯಾರಿಗಾದರೂ ಅಪಾಯ ಇದೆಯಾ?"

"ಇಲ್ಲ."

"ಕಾಲ ಮೇಲೆ ಬಿದ್ರೆ?"

"ಸ್ಟೂರೆ, ಹನ್ನೊಂದೂವರೆ ಆಯ್ತು!"

"ಬಿದ್ರೆ ಇದೆ ಅಂತ ಬರ್ಕೋತೀನಿ."

ಎರಡು ಪುಟ ತುಂಬಿಸಿ, ಕಿವಿಗೆ ಮುಚ್ಚಳ ಏರಿಸಿ, ಸ್ಟೂರೆ ಯಂತ್ರ ಚಾಲು ಮಾಡಿದ. ಮೊದಲ ನೂರು ಪುಟ ಬೆಣ್ಣೆಯಂತೆ ಹೋಯಿತು. ಆಮೇಲೆ ಯಂತ್ರ ಗುರ್ ಎಂದು ನಿಂತಿತು.

"ಎಲ್ಲಿ ಸಿಕ್ಕಿಕೊಂಡಿದೆ?" ಗುನ್ವೋರ್ ಬಗ್ಗಿ ನೋಡಿದಳು.

"ಸಂಶೋಧನಾ ವಿಧಾನ ಅಂತಿದೆ."

"ನಾನೂ ಅಲ್ಲೇ ನಾಲ್ಕು ವರ್ಷ ಸಿಕ್ಕಿಕೊಂಡಿದ್ದೆ. ಜೋರಾಗಿ ಒತ್ತು."

ಒತ್ತಿದ. ಪುಸ್ತಕ ಬುಗುರಿಯ ಹಾಗೆ ಗಿರ್ರನೆ ಸುತ್ತಿ, ಗೋಡೆಗೆ ಬಡಿದು, ಎರಡು ಹೋಳಾಯಿತು. ಗುನ್ವೋರ್ ಮೇಲೆ ಹೋಗಿ ಇನ್ನೊಂದು ತಂದಳು. ಈ ಸಲ ಸ್ಟೂರೆ ಯಂತ್ರ ಬಿಗಿಯಾಗಿ ಹಿಡಿದ, ಪುಸ್ತಕ ಇವಳು ಬಿಗಿಯಾಗಿ ಹಿಡಿದಳು. ಕಾಗದ ಬಿಸಿಯಾಗಿ ಹೊಗೆಯಾಡಿತು. ಹೊಗೆ ಚಾವಣಿಗೆ ಹೋಯಿತು. ಕಟ್ಟಡದ ಬೆಂಕಿ ಗಂಟೆ ಬಾಯಿಬಿಟ್ಟಿತು.

ಐದು ಮಹಡಿಯ ಜನ ಹುಲ್ಲುಹಾಸಿನ ಮೇಲೆ ಬಂದು ನಿಂತರು. ಅಗ್ನಿಶಾಮಕದವರು ಬಂದು ನೋಡಿ ಹೋಗುವವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ಆ ಚಳಿದೇಶಕ್ಕೆ ಅಪರೂಪದ ಮೇ ತಿಂಗಳ ಬಿಸಿಲು ಬೇರೆ. ಎಲ್ಲರೂ ಹಬ್ಬದಂತೆ ಮುಖ ಮೇಲೆತ್ತಿ ಬಿಸಿಲು ಕಾಯಿಸಿದರು. ಗುನ್ವೋರ್ ಒಬ್ಬಳು ಗಡಿಯಾರ ನೋಡುತ್ತ ಅತ್ತಿಂದಿತ್ತ ನಡೆದಳು.

"ಯಾಕಿಷ್ಟು ಗಾಬರಿ?" ಎಂದರು ಅವಳ ಮಾರ್ಗದರ್ಶಕ, ಪ್ರೊಫೆಸರ್ ಹೋಕನ್, ಕೋಟು ಕಳಚಿ ಹುಲ್ಲಿನ ಮೇಲೆ ಕೂರುತ್ತ. "ಪ್ರಯಾಣವೇ ಕಲಿಕೆ, ಗುನ್ವೋರ್."

"ಹನ್ನೊಂದು ವರ್ಷ ಪ್ರಯಾಣ ಆಯ್ತು, ಹೋಕನ್. ಇವತ್ತು ಇಳಿದುಬಿಡ್ತೀನಿ."

ಒಳಗೆ ಬಿಟ್ಟಾಗ ಎರಡು ಗಂಟೆ ಹತ್ತು ನಿಮಿಷ. ಮೂರನೆಯ ಪ್ರತಿಯಲ್ಲಿ, ಸ್ಟೂರೆ ಹತ್ತಿಪ್ಪತ್ತು ಪುಟಕ್ಕೊಮ್ಮೆ ನಿಲ್ಲಿಸಿ ಊದಿ ತಣಿಸಿ, ಎರಡೂವರೆಗೆ ತೂತು ಬಿತ್ತು. ಇನ್ನು ಸಾಕ್ಷಿ ರುಜು ಹಾಕಲು ಮೈಕೆನ್ ಬೇಕು. ಮೈಕೆನ್‌ಳ ಕೋಣೆ ಖಾಲಿ. ಎರಡೂವರೆ ಎಂದರೆ ಕಾಫಿ. ಶುಕ್ರವಾರದ ಎರಡೂವರೆ ಎಂದರೆ ಕೇಕು ಕೂಡ. ಆ ದೇಶದಲ್ಲಿ ರಾಜ ಬಂದರೂ ಒಂದು ಬಟ್ಟಲು ಹಿಡಿದು ಸಾಲಿನಲ್ಲಿ ನಿಲ್ಲಬೇಕಾದ ಹೊತ್ತು ಅದು.

"ಕೂತ್ಕೋ, ಕೂತ್ಕೋ," ಎಂದಳು ಮೈಕೆನ್, ಮೇಲಿನ ಕಾಫಿ ಕೋಣೆಗೆ ಓಡಿಬಂದ ಗುನ್ವೋರಳ ಮುಂದೆ ಹಸಿರು ಕೇಕಿನ ತುಂಡು ತಳ್ಳಿ. "ಬೆಂಕಿ ಹೊತ್ತಿಸಿದವಳಿಗೆ ಮೊದಲ ತುಂಡು."

"ರುಜು ಹಾಕು ಬಾ. ಇನ್ನು ಇಪ್ಪತ್ತೈದೇ ನಿಮಿಷ."

"ಮೊಳೆಗಿಂತ ತಿರುಪು ಒಳ್ಳೇದು," ಎಂದಿತು ಮೇಜಿನ ಆಚೆಯಿಂದ ಒಂದು ದನಿ.

"ತಿರುಪು ಹಾಕಿದ್ರೆ ಅದು ಮೊಳೆ ಹೊಡೆದ ಹಾಗಾಗುತ್ತಾ?" ಎಂದಿತು ಇನ್ನೊಂದು.

"ಅದೇ ಪ್ರಶ್ನೆ," ಎಂದು ಹೋಕನ್ ಚಮಚ ಕೆಳಗಿಟ್ಟರು. "ಮೊಳೆ ಅಂದ್ರೆ ಏನು?"

ಹತ್ತು ಜನ ವಿದ್ವಾಂಸರು ಮೊಳೆ ಎಂದರೇನು ಎಂದು ಹನ್ನೆರಡು ನಿಮಿಷ ಚರ್ಚಿಸಿದರು. ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ಬಾಯಿ ತೆರೆಯಲಿಲ್ಲ, ಅಷ್ಟು ಸಭ್ಯರು. ಗುನ್ವೋರ್ ಮೂರೇ ತುತ್ತಿಗೆ ಕೇಕು ನುಂಗಿ, ಮೈಕೆನ್‌ಳ ಕಾಫಿ ಬಟ್ಟಲನ್ನು ಒಂದು ಕೈಯಲ್ಲಿ, ಮೈಕೆನ್‌ಳ ರಟ್ಟೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೆಟ್ಟಿಲಿಳಿಸಿದಳು. ಬಟ್ಟಲು ಹೋದ ಕಡೆಗೆ ಎಲ್ಲರೂ ಹಿಂದೆಯೇ ಬಂದರು.

ಎರಡು ಐವತ್ತೇಳು. ಪುಸ್ತಕ, ಸುತ್ತಿಗೆ ಹಿಡಿದು ಓಕ್ ಹಲಗೆಯ ಮುಂದೆ ನಿಂತು, ವಾಡಿಕೆಯಂತೆ, ಗುನ್ವೋರ್ ಪ್ರಬಂಧದ ಹೆಸರು ಓದಿದಳು: "ಕೈಗೆಟುಕಿದರೆ ಓದುತ್ತಾರೆ: ಯಾರೂ ಹೇಳದೆ ತಾವಾಗಿ ಕಲಿಯುವ ವಯಸ್ಕರು."

ಮೊದಲ ಏಟಿಗೆ ಮೊಳೆ ನಮಸ್ಕಾರ ಮಾಡಿದಂತೆ ಬಾಗಿತು. ಎರಡನೆಯದು ಹೆಬ್ಬೆರಳಿಗೆ ಬಿತ್ತು. ಅವಳು ಹಲ್ಲು ಕಚ್ಚಿ, ಹೊಸ ಮೊಳೆ ತೆಗೆದು, ಹನ್ನೊಂದು ವರ್ಷದ ಸಿಟ್ಟನ್ನೆಲ್ಲ ತೋಳಿಗೆ ತಂದು ಮೂರು ಏಟು ಹಾಕಿದಳು. ಎರಡು ಐವತ್ತೊಂಬತ್ತಕ್ಕೆ ಪ್ರಬಂಧ ಹಲಗೆಯ ಮೇಲಿತ್ತು. ಮೈಕೆನ್ ರುಜು ಹಾಕಿದಳು. ಚಪ್ಪಾಳೆ ಬಿತ್ತು. ಸ್ಟೂರೆ ಕಣ್ಣೊರೆಸಿಕೊಂಡ.

ಉಳಿದ ಕೇಕು ಮುಗಿಸಲು ಎಲ್ಲರೂ ಮೇಲೆ ಹೋದರು. ಇಪ್ಪತ್ತು ನಿಮಿಷದ ಮೇಲೆ, ಒಂದು ಫೋಟೊ ತೆಗೆದುಕೊಳ್ಳೋಣವೆಂದು ಗುನ್ವೋರ್ ಕೆಳಗೆ ಬಂದಳು. ಹಲಗೆಯಲ್ಲಿ ಮೊಳೆಯಿತ್ತು. ಪುಸ್ತಕವಿರಲಿಲ್ಲ. ಮೊಳೆಗೆ ಒಂದು ಚೀಟಿ ಚುಚ್ಚಿತ್ತು:

"ಒಳ್ಳೆಯ ಪುಸ್ತಕಕ್ಕೆ ಯಾರೋ ಪಾಪಿಗಳು ಮೊಳೆ ಹೊಡೆದಿದ್ದಾರೆ. ಜೋಪಾನವಾಗಿ ಕಿತ್ತಿದ್ದೇನೆ. ಬಸ್ಸಿನಲ್ಲಿ ಓದಲು ಒಯ್ಯುತ್ತಿದ್ದೇನೆ, ಸೋಮವಾರ ತಂದುಕೊಡುತ್ತೇನೆ. ನಾಲ್ಕನೆಯ ಪುಟದಲ್ಲೇ ಎರಡು ತಪ್ಪುಗಳಿವೆ, ಪೆನ್ಸಿಲಿನಲ್ಲಿ ತಿದ್ದಿರುತ್ತೇನೆ. — ಎವಾಲ್ಡ್, ಹಿರಿಯರ ಬಡಗಿ ತರಗತಿ."

ಅವಳ ಕೂಗಿಗೆ ಇಡೀ ವಿಭಾಗ ಇಳಿದುಬಂತು.

"ಗುನ್ವೋರ್!" ಹೋಕನ್ ಚೀಟಿ ಓದಿ ಅವಳ ಎರಡೂ ಕೈ ಹಿಡಿದರು. "ನಿನ್ನ ವಾದ ಗೆದ್ದಿತು! ಯಾರೂ ಹೇಳದೆ ಒಬ್ಬ ಮನುಷ್ಯ ತಾನಾಗಿ ಓದ್ತಿದ್ದಾನೆ. ನಿನ್ನ ಮೊದಲ ಓದುಗ!"

"ಮೊದಲ?" ಎಂದಳು ಗುನ್ವೋರ್. "ನೀನು ಓದಿಲ್ವಾ?"

ಹೋಕನ್ ಕಿಟಕಿಯಾಚೆ ನೋಡಿದರು. "ನಾನು ಮಾರ್ಗದರ್ಶಕ. ಓದುಗ ಅನ್ನೋದು ಬೇರೆ ಹುದ್ದೆ."

"ಎಡೆಬಿಡದೆ ಮೂರು ವಾರ ಇರಬೇಕು ಅಂತ ನಿಯಮ," ಎಂದು ಮೈಕೆನ್ ಗಂಟಲು ಸರಿಮಾಡಿಕೊಂಡಳು. "ಮೂರು ಗಂಟೆ ಆದ್ಮೇಲೆ ಹೊಸ ಪ್ರತಿ ಹೊಡೆಯೋ ಹಾಗಿಲ್ಲ. ಆದ್ರೆ ನೋಡು, ನಾನು ಬಾಗಿಲು ಹಾಕೋದು ಮೂರೂವರೆಗೆ. ಅಷ್ಟರಲ್ಲಿ ಅದೇ ಪ್ರತಿ ವಾಪಸ್ ಬಂದ್ರೆ, ಧೂಳು ಒರೆಸೋಕೆ ತೆಗೆದಿದ್ರು ಅಂತ ಬರ್ಕೋತೀನಿ."

ಮೂರು ಇಪ್ಪತ್ತನಾಲ್ಕು. ಹಲಗೆಯ ಬಳಿ ಬಿಟ್ಟಿದ್ದ ಸುತ್ತಿಗೆ ಎತ್ತಿಕೊಂಡು ಗುನ್ವೋರ್ ಓಡಿದಳು. ಹುಲ್ಲುಹಾಸು ದಾಟಿದಳು, ಸೈಕಲ್ ಸಾಲು ಹಾರಿದಳು, ಐವತ್ತೆಂಟರ ಮಂಡಿಗಳು ಬೈದದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಿಲ್ದಾಣದಲ್ಲಿ ನಾಲ್ಕನೆಯ ನಂಬರಿನ ಬಸ್ಸೊಂದು ಇನ್ನೂ ನಿಂತಿತ್ತು. ಬಾಗಿಲು ಮುಚ್ಚಿತ್ತು. ಕಿಟಕಿಯ ಬಳಿ ಬೆಳ್ಳಿಗೂದಲ ಮುದುಕನೊಬ್ಬ, ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡು, ಕೆಂಪು ರಟ್ಟಿನ ಪುಸ್ತಕದೊಳಗೆ ಮುಳುಗಿದ್ದ.

ಅವಳು ಗಾಜಿಗೆ ದಬದಬ ಬಡಿದಳು. ಬಸ್ಸು ಹೊರಟಿತು. ಅವಳು ಜೊತೆಗೇ ಓಡುತ್ತ ಮತ್ತೆ ಬಡಿದಳು, ಪುಸ್ತಕದತ್ತ ಬೆರಳು ಮಾಡಿದಳು.

ಮುದುಕ ತಲೆಯೆತ್ತಿದ. ಅವಳನ್ನು ನೋಡಿದ, ಪುಸ್ತಕ ನೋಡಿದ, ಮುಖವೆಲ್ಲ ಅರಳಿತು. ಪಾಪ, ಇವಳಿಗೂ ಓದುವ ಆಸೆ! ರಟ್ಟಿನ ಮೇಲಿನ ಹೆಸರು ಅವಳಿಗೆ ಸರಿಯಾಗಿ ಕಾಣುವಂತೆ ಪುಸ್ತಕವನ್ನು ಗಾಜಿಗೆ ಒತ್ತಿ ಹಿಡಿದ, ಬಸ್ಸು ತಿರುವು ದಾಟುವ ತನಕ.